ಮಂಪರಿನಲ್ಲಿ ಅಪ್ಪ ಆಡಿದ ಮಾತು

ಮನೆಯಿಂದ,
ಹನ್ನೊಂದನೆಯ ತಾರೀಖು, ಭಾನುವಾರ ಮಧ್ಯಾಹ್ನ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಬೆನ್ನು ಹೇಗಿದೆ? ನಿನಗೆ ಬೆನ್ನು ಹಿಡಿದಿದೆ ಎಂಬ ಸುದ್ದಿ ಚಿಕ್ಕಮ್ಮನಿಂದ ಬಂತು. ಲಿಫ್ಟಿನ ಗುಂಡಿಯೊಳಗೆ ದಿನವಿಡೀ ಬಗ್ಗಿ ಕೂತು ರಿಪೇರಿ ಮಾಡುವವನಿಗೆ ಬೆನ್ನು ಹಿಡಿಯದೆ ಇನ್ನೇನು ಹಿಡಿಯಬೇಕು. ಸೊಂಟಕ್ಕೆ ಕಟ್ಟುವ ಪಟ್ಟಿಯನ್ನು ಕಟ್ಟಿಕೊಳ್ಳುತ್ತೀಯೋ, ಅಥವಾ ಅದು ಚೀಲದ ತಳದಲ್ಲಿ ನಿನ್ನ ಸ್ಪ್ಯಾನರುಗಳಿಗೆ ಹಾಸಿಗೆಯಾಗಿದೆಯೋ? ಹೊತ್ತಿಗೆ ಸರಿಯಾಗಿ ಊಟ ಮಾಡು. ಇದನ್ನು ಅಕ್ಕನಾಗಿ ಹೇಳುತ್ತಿಲ್ಲ; ಹದಿನಾಲ್ಕು ವರ್ಷದಿಂದ ಊರವರ ಹೊಟ್ಟೆಯೊಳಗನ್ನು ಟಿವಿಯಲ್ಲಿ ನೋಡುತ್ತ ಬಂದ ನರ್ಸಾಗಿ ಹೇಳುತ್ತಿದ್ದೇನೆ. ನನ್ನದು ಕೇಳುವುದಾದರೆ, ಮನೆಯ ಮೆಟ್ಟಿಲು ಹತ್ತುವಾಗ ಮಂಡಿ ತಕರಾರು ಮಾಡುತ್ತದೆ, ಇಳಿಯುವಾಗ ಸುಮ್ಮನಿರುತ್ತದೆ. ತಲೆ ಪೂರ್ತಿ ಬೆಳ್ಳಗಾಗಿದೆ. ನೋಡಿದರೆ ನೀನು ನಗುತ್ತೀಯ.

ಪತ್ರ ನಿನ್ನ ಕಂಪನಿಯ ವಿಳಾಸಕ್ಕೆ ಬಂತೆಂದು ಬೇಸರ ಮಾಡಿಕೊಳ್ಳಬೇಡ. ನೀನು ನನ್ನ ಫೋನ್ ಎತ್ತುವುದಿಲ್ಲ. ಮನೆಯ ವಿಳಾಸವನ್ನು ಚಿಕ್ಕಮ್ಮನೂ ಕೊಡಲಿಲ್ಲ. "ಅವನು ಕೊಡಬೇಡ ಅಂದಿದ್ದಾನೆ ಕಣೇ, ನನ್ನನ್ನ ಮಧ್ಯೆ ಎಳೀಬೇಡ" ಎಂದಳು. ಕಡೆಗೆ ನಮ್ಮ ಕ್ಲಿನಿಕ್ಕಿನ ಕಟ್ಟಡದ ಲಿಫ್ಟಿನೊಳಗೆ, ಎಷ್ಟು ಜನ ಹತ್ತಬಹುದು ಎಂದು ಬರೆದ ತಗಡಿನ ಕೆಳಗೆ, ಸಣ್ಣ ಅಕ್ಷರದಲ್ಲಿ ನಿನ್ನ ಕಂಪನಿಯ ಹೆಸರೂ ವಿಳಾಸವೂ ಕಂಡವು. ಇಷ್ಟು ವರ್ಷ ದಿನಾ ಹತ್ತಿ ಇಳಿದ ಲಿಫ್ಟು, ಒಂದು ದಿನವೂ ಕಣ್ಣೆತ್ತಿ ಓದಿರಲಿಲ್ಲ. ಬರೆದುಕೊಳ್ಳಲು ಮೂರು ಸಲ ಮೇಲೆ ಕೆಳಗೆ ಓಡಾಡಿದೆ, ಅರ್ಧ ಬರೆಯುವಷ್ಟರಲ್ಲಿ ಯಾರಾದರೂ ಹತ್ತಿಕೊಳ್ಳುತ್ತಿದ್ದರು. ಸುತ್ತಿ ಬಳಸುತ್ತಿದ್ದೇನೆಂದು ನಿನಗೆ ಆಗಲೇ ಗೊತ್ತಾಗಿರಬೇಕು. ವಿಷಯ ಇಷ್ಟು: ಅಪ್ಪನ ಹೊಟ್ಟೆಯಲ್ಲಿ ಗಡ್ಡೆ ಇದೆ. ಒಳ್ಳೆಯ ಜಾತಿಯ ಗಡ್ಡೆಯಲ್ಲ. ನನಗೆ ಗೊತ್ತು, ನಮ್ಮ ಡಾಕ್ಟರಮ್ಮನಿಗೆ ಗೊತ್ತು, ಅಪ್ಪನಿಗೆ ಗೊತ್ತಿಲ್ಲ. ಸರಿಯಾಗಿ ಹೇಳಬೇಕೆಂದರೆ ಅಪ್ಪನಿಗೆ ಒಂದು ಸಲ ಗೊತ್ತಾಯಿತು, ಆಮೇಲೆ ಮರೆತುಹೋಯಿತು. ಅದು ಹೇಗಾಯಿತು ಎಂದು ಬರೆಯಲೆಂದೇ ಕೂತಿದ್ದೇನೆ. ಅಪ್ಪ ಒಳಗೆ ಮಲಗಿದ್ದಾನೆ, ಏಳಲು ಇನ್ನೂ ಒಂದು ಗಂಟೆಯಾದರೂ ಇದೆ.

ನಮ್ಮ ಕ್ಲಿನಿಕ್ಕಿಗೆ ನೀನು ಬಂದದ್ದು ಒಂದೇ ಸಲ, ಅದೂ ಬೀಗದ ಕೈ ಇಸಿದುಕೊಳ್ಳಲು, ಬಾಗಿಲಲ್ಲೇ ನಿಂತು ಹೋದೆ. ಕೆಳಗೆ ಕನ್ನಡಕದ ಅಂಗಡಿ, ಮೇಲೆ ನಾವು. ಹೊಟ್ಟೆ, ಕರುಳಿನ ತೊಂದರೆ ಬಿಟ್ಟು ಬೇರೇನನ್ನೂ ನಾವು ನೋಡುವುದಿಲ್ಲ. ಯಾರನ್ನೂ ಇರಿಸಿಕೊಳ್ಳುವುದಿಲ್ಲ, ಬೆಳಿಗ್ಗೆ ಬಂದವರು ಮಧ್ಯಾಹ್ನದೊಳಗೆ ಮನೆಗೆ. ಹನ್ನೆರಡು ಕುರ್ಚಿಗೆ ಮೂರು ಕಕ್ಕಸು ಇರುವ ಕ್ಲಿನಿಕ್ಕು ಈ ಬೀದಿಯಲ್ಲಿ ನಮ್ಮದೊಂದೇ. ಜನ ಕಣ್ಣು ನೋವು ಎಂದರೆ ಬೀದಿಗೆಲ್ಲ ಕೇಳುವ ಹಾಗೆ ಹೇಳುತ್ತಾರೆ, ಇಲ್ಲಿಗೆ ಬಂದರೆ ಮಾತ್ರ ಮೇಜಿನ ಮೇಲೆ ಬಗ್ಗಿ, "ಬೆಳಿಗ್ಗೆ ಹೊತ್ತು... ಸರಿಯಾಗಿ..." ಎಂದು ನಿಲ್ಲಿಸಿಬಿಡುತ್ತಾರೆ. ಉಳಿದದ್ದನ್ನು ಮುಂದಿನ ಮೇಜಿನ ಹುಡುಗಿ ಅವರ ಮುಖ ನೋಡಿ ತಾನೇ ಬರೆದುಕೊಳ್ಳುತ್ತಾಳೆ. ಪಕ್ಕದವರಿಗೆ ಕೇಳಿಸದಿರಲೆಂದು ಮೇಜಿನ ಮೇಲೆ ರೇಡಿಯೋ ಹಚ್ಚಿಟ್ಟಿರುತ್ತಾಳೆ. ಒಬ್ಬ ಮೇಷ್ಟ್ರು ಪ್ರತಿ ತಿಂಗಳೂ ಬರುತ್ತಾರೆ, ನಾವು ಅವರಿಗೆ ಗ್ಯಾಸ್ ಮೇಷ್ಟ್ರು ಎಂದು ಹೆಸರಿಟ್ಟಿದ್ದೇವೆ. ತನಗೆ ಕ್ಯಾನ್ಸರ್ ಎಂದು ಅವರಿಗೆ ಖಾತ್ರಿ. ಪ್ರತಿ ತಿಂಗಳೂ ಏನೂ ಇಲ್ಲ ಎಂದು ಹೇಳಿ ಕಳಿಸುತ್ತೇವೆ, ಮುಖ ಸಪ್ಪೆ ಮಾಡಿಕೊಂಡು ಹೋಗುತ್ತಾರೆ. ಅವರ ಮೇಲೆ ಈಗ ನನಗೆ ಹೊಟ್ಟೆಕಿಚ್ಚು ಎಂದರೆ ನೀನು ನಂಬಬೇಕು.

ಅಪ್ಪನಿಗೆ ಆರು ತಿಂಗಳಿಂದ ಎರಡು ತುತ್ತಿಗೇ ಹೊಟ್ಟೆ ತುಂಬುತ್ತಿತ್ತು. ಮೂವತ್ತೆರಡು ವರ್ಷ ಬಸ್ ಓಡಿಸಿದವನು, ಹೊತ್ತಲ್ಲದ ಹೊತ್ತಿಗೆ ತಿಂದವನು, ಗ್ಯಾಸ್ ಇರಬೇಕು ಎಂದುಕೊಂಡೆ. ಮಾತ್ರೆ ತಂದುಕೊಟ್ಟೆ. ಒಂದು ದಿನ ಬೆಲ್ಟಿಗೆ ಮೊಳೆ ಹೊಡೆದು ಹೊಸ ತೂತು ಮಾಡಿಕೊಳ್ಳುತ್ತಿದ್ದ. ನೋಡಿ ನಕ್ಕೆ, "ಅಂತೂ ಹೊಟ್ಟೆ ಕರಗಿಸಿದೆಯಲ್ಲಪ್ಪಾ" ಎಂದೆ. ಅವನೂ ನಕ್ಕ. ಅದಾಗಿ ಇನ್ನೂ ಎರಡು ತೂತು ಬಿದ್ದ ಮೇಲೆ ನನಗೆ ಬುದ್ಧಿ ಬಂತು. ತೂಕ ಇಳಿಯುತ್ತಿದೆ ಎಂದು ಯಾರಾದರೂ ಫೋನ್ ಮಾಡಿದರೆ "ಎರಡು ವಾರದೊಳಗೆ ಬನ್ನಿ, ತಡ ಮಾಡಬೇಡಿ" ಎಂದು ಗದರಿಸುವವಳು ನಾನು. ಸ್ವಂತ ಅಪ್ಪನ ಮೂರು ತಿಂಗಳನ್ನು ಮಾತ್ರೆಯಲ್ಲೇ ಕಳೆದೆ. ಇದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ. ನಿನಗೆ ಬೈಯಬೇಕೆನಿಸಿದರೆ ಬೈ, ಬೈಸಿಕೊಳ್ಳಬೇಕಾದ್ದೇ.

ಇವತ್ತಿಗೆ ಹನ್ನೊಂದು ದಿನದ ಹಿಂದೆ, ಬುಧವಾರ, ಅಪ್ಪನನ್ನು ಕರೆದುಕೊಂಡು ಹೋದೆ. ಬಾಯಿಯಿಂದ ಕೊಳವೆ ಇಳಿಸಿ ಹೊಟ್ಟೆಯ ಒಳಗನ್ನು ನೋಡುವ ಪರೀಕ್ಷೆ. ಅದಕ್ಕೆ ಮೊದಲು ಕೈಯ ನರಕ್ಕೆ ಒಂದು ಔಷಧಿ ಕೊಡುತ್ತೇವೆ. ಅದರ ವಿಷಯ ನಿನಗೆ ಸ್ವಲ್ಪ ಹೇಳಲೇಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಅದು ಪೂರ್ತಿ ನಿದ್ದೆ ಬರಿಸುವ ಔಷಧಿಯಲ್ಲ. ಮನುಷ್ಯ ಮಂಪರಿನಲ್ಲಿರುತ್ತಾನೆ, ಕೇಳಿದ್ದಕ್ಕೆ ಉತ್ತರ ಕೊಡುತ್ತಾನೆ, ಮಗ್ಗಲು ತಿರುಗು ಎಂದರೆ ತಿರುಗುತ್ತಾನೆ, ಹರಟೆಯನ್ನೂ ಹೊಡೆಯುತ್ತಾನೆ. ಆದರೆ ಆ ಹೊತ್ತಿನ ಒಂದು ಮಾತೂ ಅವನ ತಲೆಯಲ್ಲಿ ನಿಲ್ಲುವುದಿಲ್ಲ. ಒಬ್ಬ ವಕೀಲರು ಅರ್ಧ ಗಂಟೆಯಲ್ಲಿ ಒಂದೇ ಕಥೆಯನ್ನು ನನಗೆ ಐದು ಸಲ ಹೇಳಿ ಐದು ಸಲವೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಒಬ್ಬ ಅಜ್ಜಿ ನನ್ನನ್ನು ಸೊಸೆ ಎಂದುಕೊಂಡು, ಇಪ್ಪತ್ತು ವರ್ಷದಿಂದ ಸೊಸೆಗೆ ಹೇಳದೆ ಉಳಿಸಿಕೊಂಡಿದ್ದ ಹೊಗಳಿಕೆಯನ್ನೆಲ್ಲ ನನಗೆ ಹೇಳಿ, ಎಚ್ಚರವಾದ ಮೇಲೆ ಆ ಸೊಸೆಗೇ ಚಪ್ಪಲಿ ಸರಿಯಾಗಿ ಇಡಲಿಲ್ಲವೆಂದು ಬೈದರು. ಅದಕ್ಕೇ ನಮ್ಮಲ್ಲಿ ಒಂದು ಕಟ್ಟುನಿಟ್ಟು: ಕೊಳವೆಯಲ್ಲಿ ಏನು ಕಂಡಿತು ಎಂಬುದನ್ನು ರೋಗಿಗೆ ಒಂದು ಗಂಟೆ ಕಳೆಯುವ ಮೊದಲು ಹೇಳುವ ಹಾಗಿಲ್ಲ. ಹೇಳಿದರೂ ಮನೆಯವರ ಎದುರಿಗೆ ಹೇಳಬೇಕು, ಚೀಟಿಯಲ್ಲಿ ಬರೆದೂ ಕೊಡಬೇಕು. ಎಚ್ಚರವಾಗುವವರು ಮಲಗುವ ಕೋಣೆಯಲ್ಲಿ ನಾಲ್ಕು ಹಾಸಿಗೆ, ನಾಲ್ಕು ಪರದೆ. ಗೋಡೆಯ ಮೇಲೆ ಬೋರ್ಡು: ಇವತ್ತು ಗಾಡಿ ಓಡಿಸಬೇಡಿ, ಕಾಗದಪತ್ರಕ್ಕೆ ಸಹಿ ಹಾಕಬೇಡಿ, ಮುಖ್ಯ ವಿಷಯ ತೀರ್ಮಾನಿಸಬೇಡಿ. ಅದನ್ನು ಓದಿ ಅಪ್ಪ, "ನನಗೇ ಗಾಡಿ ಓಡಿಸಬೇಡ ಅನ್ನೋಕೆ ಈ ಬೋರ್ಡಿಗೆ ಎಷ್ಟು ಧೈರ್ಯ ನೋಡು" ಎಂದ. ಪರದೆಯೊಳಗೆ ಕೇಳಿದ ಮಾತನ್ನು ಹೊರಗೆ ಒಯ್ಯಬಾರದು ಎಂಬುದು ನಮ್ಮೊಳಗಿನ ಇನ್ನೊಂದು ಕಟ್ಟುನಿಟ್ಟು. ಅದನ್ನು ನಾನು ಈ ಪತ್ರದಲ್ಲಿ ಮುರಿಯುತ್ತಿದ್ದೇನೆ.

ಡಾಕ್ಟರಮ್ಮ ನನ್ನನ್ನು ಒಳಗೆ ಕರೆದು ಟಿವಿ ತೋರಿಸಿದರು. ತೋರಿಸುವುದೇನೂ ಬೇಕಿರಲಿಲ್ಲ, ಬಾಗಿಲಲ್ಲೇ ಕಂಡಿತು. ಇಂಥದ್ದನ್ನು ನೂರಾರು ಸಲ ನೋಡಿದ್ದೇನೆ, ನೋಡಿ ಕೈಗವಸು ಕಳಚಿ ಟೀ ಕುಡಿಯಲು ಹೋಗಿದ್ದೇನೆ. ಅವತ್ತು ಸಿಂಕಿನ ಅಂಚು ಹಿಡಿದು ನಿಂತೆ. ಅವರು ನನ್ನ ಭುಜದ ಮೇಲೆ ಕೈಯಿಟ್ಟು, "ಲ್ಯಾಬಿನ ರಿಪೋರ್ಟ್ ಬರಲಿ. ಆದರೆ ನಿಮಗೆ ಸುಳ್ಳು ಹೇಳಲ್ಲ" ಎಂದರು. ಅಪ್ಪನನ್ನು ಮೂರನೆಯ ಹಾಸಿಗೆಗೆ ತಂದರು, ಪರದೆ ಎಳೆದೆ, ರಕ್ತದೊತ್ತಡ ನೋಡಿದೆ, ಬರೆದೆ. ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು. ಆಗ ಅಪ್ಪ ಕಣ್ಣು ಬಿಟ್ಟ. ತಮ್ಮಾ, ಎಷ್ಟು ತಿಳಿಯಾದ ಕಣ್ಣೆಂದರೆ, ಔಷಧಿ ತಾಗಿಯೇ ಇಲ್ಲವೇನೋ ಎನ್ನುವ ಹಾಗೆ. "ಏನಂತೆ?" ಎಂದ. ಒಂದೇ ಮಾತು. ಒಂದು ಗಂಟೆ ತಡೆಯಿರಿ, ಡಾಕ್ಟರೇ ಹೇಳುತ್ತಾರೆ ಎಂದು ದಿನಕ್ಕೆ ಹತ್ತು ಸಲ ಹೇಳುವ ಮಾತು ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ನನ್ನ ಬಾಯಿಂದ ಬಂದದ್ದು ಬೇರೆ. "ಗಡ್ಡೆ ಇದೆ ಅಪ್ಪಾ. ಕೆಟ್ಟದ್ದು" ಎಂದುಬಿಟ್ಟೆ.

ಅಪ್ಪ "ಹೌದಾ" ಎಂದ. ಬಸ್ ಅರ್ಧ ಗಂಟೆ ತಡ ಎಂದು ಹೇಳಿದರೆ ಹೇಗೋ ಹಾಗೆ. ಎಷ್ಟು ದಿನ ಎಂದು ಕೇಳಿದ. ಒಂದು ವರ್ಷ ಇರಬಹುದು, ಕಡಿಮೆಯೂ ಇರಬಹುದು, ಗೊತ್ತಿಲ್ಲಪ್ಪಾ ಎಂದೆ. ನನ್ನ ಕೈ ಹಿಡಿದುಕೊಂಡ. "ಹೆದರಿಕೆ ಆಗ್ತಿಲ್ವಲ್ಲೇ" ಎಂದ, ತನಗೇ ಆಶ್ಚರ್ಯ ಅನ್ನುವ ಹಾಗೆ. ಆಮೇಲೆ ನಿನ್ನನ್ನೂ ಅಮ್ಮನನ್ನೂ ನೆನೆದು ಹೇಳಿದ್ದನ್ನು ಒಂದಕ್ಷರ ಹೆಚ್ಚು ಕಡಿಮೆ ಮಾಡದೆ ಬರೆಯುತ್ತೇನೆ: "ಚಿಕ್ಕೋನು ಹೇಳ್ದಾಗ ಅವಳಿಗೂ ಹೀಗೇ ಇತ್ತೇನೋ. ನಾನು ಸುಮ್ನೆ ಅವನನ್ನ ಬೈದೆ. ಬಾಗಿಲ ತನಕ ಬೈಕೊಂಡು ಹೋದೆ. ಅವನು ಸರಿಯಾಗೇ ಮಾಡಿದ್ದ." ಅಷ್ಟು ಹೇಳಿ ನನ್ನ ಕೈ ಬಿಡದೆ ನಿದ್ದೆ ಹೋದ.

ಇಪ್ಪತ್ತು ನಿಮಿಷ ಕಳೆದಿರಬೇಕು. ನಾನು ಕಣ್ಣು ಮೂಗು ಒರೆಸಿಕೊಂಡು ಎಲ್ಲರಿಗೂ ಕೊಡುವ ಹಾಗೆ ಟೀ, ಎರಡು ಬಿಸ್ಕತ್ತು ತಂದೆ. ಅಪ್ಪ ಎದ್ದು ಕೂತಿದ್ದ, ಅಂಗಿಯ ತೋಳು ಇಳಿಸಿಕೊಳ್ಳುತ್ತಿದ್ದ. ನನ್ನನ್ನು ನೋಡಿ, "ಮುಗೀತಾ? ಏನಂತೆ?" ಎಂದ. ಅದೇ ಮಾತು, ಅದೇ ದನಿ, ಮುಖದಲ್ಲಿ ಎಲ್ಲ ಮತ್ತೆ ಮೊದಲಿನಿಂದ. ಹೇಳಿದ್ದೂ ಇಲ್ಲ, ಕೇಳಿದ್ದೂ ಇಲ್ಲ. ನನಗೆ ಗೊತ್ತಿತ್ತು ಹೀಗೇ ಆಗುತ್ತದೆಂದು. ಅದೇ ನನ್ನನ್ನು ಈಗ ತಿನ್ನುತ್ತಿರುವುದು. ಮರೆತುಹೋಗುತ್ತದೆ ಎಂದು ಗೊತ್ತಿದ್ದದ್ದರಿಂದಲೇ ಅಷ್ಟು ಸಲೀಸಾಗಿ ಹೇಳಿದೆನೇನೋ. ಹೇಳಿದ ಸಮಾಧಾನವೂ ಆಗಬೇಕು, ಹೇಳಿದ್ದರ ಭಾರವೂ ಬೀಳಬಾರದು ಅನ್ನುವ ಕಳ್ಳಬುದ್ಧಿ. ಇದ್ದಬದ್ದ ಧೈರ್ಯವೆಲ್ಲ ಆ ಒಂದು ಸಲಕ್ಕೇ ಖರ್ಚಾಗಿತ್ತು. ಟೀ ಲೋಟ ಅವನ ಕೈಗೆ ಕೊಟ್ಟು, "ಹುಣ್ಣು ಅಪ್ಪಾ" ಎಂದೆ. "ಅಷ್ಟೇನಾ!" ಎಂದ. ಎರಡು ಬಿಸ್ಕತ್ತನ್ನೂ ಟೀಯಲ್ಲಿ ಅದ್ದಿ ತಿಂದ, ಎಷ್ಟೋ ದಿನದ ಮೇಲೆ.

ಆಮೇಲಿನದ್ದು ಬೇಗ ಬರೆಯುತ್ತೇನೆ. ರಿಪೋರ್ಟ್ ಬಂತು. ಹುಣ್ಣು ಎಷ್ಟು ಆಳವಿದೆ ನೋಡಬೇಕು ಎಂದು ಹೇಳಿ ಸ್ಕ್ಯಾನ್ ಮಾಡಿಸಿದೆ. ಲಿವರಿನಲ್ಲೂ ಇದೆ. ಮುಂದಿನ ಸೋಮವಾರ, ಹತ್ತೊಂಬತ್ತಕ್ಕೆ, ದೊಡ್ಡ ಆಸ್ಪತ್ರೆಯಲ್ಲಿ ಹೆಸರು ಬರೆಸಿದೆ. ಅಲ್ಲಿ ಅವರು ಅಪ್ಪನನ್ನೇ ಕೇಳುತ್ತಾರೆ: ನರಕ್ಕೆ ಔಷಧಿ ಏರಿಸಿಕೊಂಡು ಕೆಲವು ತಿಂಗಳು ಹೆಚ್ಚು ಬದುಕುತ್ತೀರೋ, ಅದರ ಕಷ್ಟ ಬೇಡವೆಂದು ಮನೆಯಲ್ಲೇ ಇರುತ್ತೀರೋ ಎಂದು. ಗೊತ್ತಿಲ್ಲದವನು ಏನೆಂದು ಉತ್ತರ ಕೊಡುತ್ತಾನೆ? ಡಾಕ್ಟರಮ್ಮ ಮೊನ್ನೆ ಬಾಗಿಲು ಹಾಕಿಕೊಂಡು ನನಗೆ ಹೇಳಿದರು. "ಶುಕ್ರವಾರದವರೆಗೂ ಕಾಯ್ತೀನಿ. ನೀವು ಹೇಳದಿದ್ರೆ ನಾನೇ ಕರೆಸಿ ಹೇಳ್ತೀನಿ. ಅದು ಅವರ ಹೊಟ್ಟೆ, ನಿಮ್ಮದಲ್ಲ." ಕೆನ್ನೆಗೆ ಹೊಡೆದ ಹಾಗಾಯಿತು. ಹೊಡೆಸಿಕೊಳ್ಳಬೇಕಾದ್ದೇ.

ಮನೆಯಲ್ಲಿ ನೋಡಿದರೆ ಅಪ್ಪ ಪಥ್ಯ ಮಾಡುತ್ತಿದ್ದಾನೆ. ಹುಣ್ಣಿನವರಿಗೆ ಕೊಡುವ ಚೀಟಿಯನ್ನು ಕ್ಲಿನಿಕ್ಕಿನಿಂದ ನಾನೇ ತಂದುಕೊಟ್ಟೆ, ಸುಳ್ಳಿಗೆ ಸಾಕ್ಷಿ ಇರಲಿ ಎಂದು. ಅದನ್ನು ಅಡುಗೆಮನೆಯ ಗೋಡೆಗೆ ಅಂಟಿಸಿದ್ದಾನೆ. ಬಸ್ಸಿನ ವೇಳಾಪಟ್ಟಿಯನ್ನೂ ಅವನು ಇಷ್ಟು ನಿಷ್ಠೆಯಿಂದ ಪಾಲಿಸಿದ್ದು ನಾನು ಕಾಣೆ. ಎಂಟಕ್ಕೆ ಹಾಲು, ಹತ್ತೂವರೆಗೆ ಬಾಳೆಹಣ್ಣು, ಒಂದಕ್ಕೆ ಮೆತ್ತಗಿನ ಅನ್ನ, ಪ್ರತಿಯೊಂದರ ಮುಂದೆ ಪೆನ್ಸಿಲ್ಲಿನಿಂದ ಗೀಟು. ಕಾಫಿ ಬಿಟ್ಟ. ಖಾರ ಬಿಟ್ಟ. ಒಂದು ದಿನ ನಾನು ಕಾಫಿ ಕುಡಿಯುವಾಗ ಲೋಟದ ಹತ್ತಿರ ಮೂಗು ತಂದು ವಾಸನೆ ತೆಗೆದುಕೊಂಡು, "ಇನ್ನೊಂದು ತಿಂಗಳು, ಅಷ್ಟೇ ತಾನೇ?" ಎಂದ. ನಾನು ಹ್ಞೂಂ ಎಂದೆ. ಇರುವ ದಿನಗಳಲ್ಲಿ ಕುಡಿಯಬಹುದಾದ ಕಾಫಿಯನ್ನೂ ನಾನು ಅವನ ಕೈಯಿಂದ ಕಸಿದಿದ್ದೇನೆ ತಮ್ಮಾ. ಮೂರು ದಿನದಿಂದ ಅಪ್ಪ ನನ್ನನ್ನು ಏನೂ ಕೇಳುತ್ತಿಲ್ಲ, ಗೀಟು ಹಾಕುವುದೂ ನಿಂತಿದೆ. ಮರೆತಿರಬೇಕು. ಕೇಳದಿರುವುದೇ ನನಗೆ ನಿರಾಳ.

ಇನ್ನು ಅಮ್ಮನ ವಿಷಯ. ನಿನಗೆ ಗೊತ್ತಿರುವುದನ್ನೇ ಬರೆಯುತ್ತಿದ್ದೇನೆ, ಆದರೆ ನನ್ನ ಕಡೆಯಿಂದ ನೀನು ಕೇಳಿಲ್ಲ. ಅಮ್ಮನ ರಕ್ತ ಕೆಟ್ಟಿದೆ, ಇನ್ನು ವಾಸಿಯಾಗುವುದಿಲ್ಲ ಎಂದು ಗೊತ್ತಾದ ದಿನ ಅಪ್ಪ ನಮ್ಮಿಬ್ಬರನ್ನೂ ಮೆಟ್ಟಿಲ ಹತ್ತಿರ ನಿಲ್ಲಿಸಿ, ಅವಳಿಗೆ ಯಾರೂ ಹೇಳಕೂಡದು ಎಂದ. ನಾನು ಒಪ್ಪಿಕೊಂಡೆ. ನೀನು ಒಪ್ಪಿಕೊಂಡೆಯೋ ಇಲ್ಲವೋ, ಸುಮ್ಮನಿದ್ದೆ. ಅಮ್ಮ ಮೊದಲು ಕೇಳಿದ್ದು ನನ್ನನ್ನು. "ನಾನು ಎದ್ದು ಓಡಾಡ್ತೀನೇನೇ?" ಎಂದಳು. ಓಡಾಡದೆ ಏನಮ್ಮಾ, ಮುಂದಿನ ತಿಂಗಳು ನೀನೇ ಮಾರ್ಕೆಟ್ಟಿಗೆ ಹೋಗುತ್ತೀಯ ಎಂದೆ. ಎರಡು ದಿನ ಬಿಟ್ಟು ನೀನು ಅವಳ ಪಕ್ಕ ಕೂತು ಕಿತ್ತಳೆ ಸುಲಿಯುತ್ತಿದ್ದಾಗ ನಿನ್ನನ್ನೂ ಅದನ್ನೇ ಕೇಳಿದಳು. "ಇಲ್ಲಮ್ಮಾ" ಎಂದೆ ನೀನು. ನಾನು ಬಾಗಿಲ ಆಚೆಗೇ ಇದ್ದೆ. ನೀನು ಹೇಳಿದೆಯೆಂದು ಅಪ್ಪನಿಗೆ ತಿಳಿಸಿದ್ದು ನಾನು. ಅಮ್ಮನೇ ಹೇಳಿರಬೇಕೆಂದು ನೀನು ಇಷ್ಟು ವರ್ಷ ಅಂದುಕೊಂಡಿದ್ದರೆ, ಅಲ್ಲ. ನಾನು. ಅವಳಿದ್ದಷ್ಟು ದಿನ ಅಪ್ಪ ಹಲ್ಲು ಕಚ್ಚಿಕೊಂಡಿದ್ದ. ನೀನು ಹೇಳಿದ ಹತ್ತೊಂಬತ್ತನೆಯ ದಿನ ಅಮ್ಮ ಹೋದಳು. "ಕಾಯಿಲೆ ಅಲ್ಲ, ನಿನ್ನ ಬಾಯಿ ಅವಳನ್ನ ಕೊಂದದ್ದು" ಎಂದು ಅಪ್ಪ ನಿನ್ನನ್ನು ಬಾಗಿಲ ತನಕ ಬೈದುಕೊಂಡು ಹೋದ. ನೀನು ಒಂದು ಸಲ ನನ್ನ ಕಡೆ ನೋಡಿದೆ. ನಾನು ತುಟಿ ಬಿಚ್ಚಲಿಲ್ಲ.

ಆ ಹತ್ತೊಂಬತ್ತು ದಿನ ಅಮ್ಮ ಹೇಗಿದ್ದಳು ಎಂದು ನಾನು ಆಗ ನೋಡಲಿಲ್ಲ, ಈಗ ಕೂತು ನೋಡುತ್ತಿದ್ದೇನೆ. ಒಂದು ದಿನ ಅತ್ತಳು. ಆಮೇಲೆ ಬೀರು ತೆಗೆಸಿದಳು, ಯಾವ ಸ್ವೆಟರ್ ಯಾರಿಗೆ ಎಂದು ಹೇಳಿದಳು. ಅಪ್ಪನಿಗೆ ಅನ್ನ ಮಾಡುವುದನ್ನು ಹಾಸಿಗೆಯಿಂದಲೇ ಕಲಿಸಿದಳು, ಅವನು ಎರಡು ಪಾತ್ರೆ ಸೀಯಿಸಿದ, ಅವಳು ನಗಾಡಿದಳು. ನಿನ್ನ ಜೊತೆ ಗಂಟೆಗಟ್ಟಲೆ ಮಾತಾಡಿದಳು. ನನ್ನನ್ನು ಮಾತ್ರ ಆಮೇಲೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಪ್ರೀತಿ ಕಡಿಮೆಯಾಗಿರಲಿಲ್ಲ, ತಲೆ ನೇವರಿಸುತ್ತಿದ್ದಳು, ಊಟ ಆಯ್ತಾ ಎನ್ನುತ್ತಿದ್ದಳು. ಆದರೆ ತನ್ನ ವಿಷಯ ನನ್ನ ಹತ್ತಿರ ಎತ್ತಲಿಲ್ಲ. ನನ್ನಿಂದ ನಿಜ ಸಿಗುವುದಿಲ್ಲ ಎಂದು ಗೊತ್ತಾಗಿತ್ತು ಅವಳಿಗೆ. ನನಗೆ ಅದು ಆಗ ಕೋಪ ತರಿಸಿತು, ನಿನ್ನ ಮೇಲೆ. ದುಃಖ ಈಗ ಬರುತ್ತಿದೆ, ನಾಲ್ಕು ವರ್ಷ ತಡವಾಗಿ. ನಿನ್ನ ಅಕ್ಕನಾಗಿ ನಿನ್ನ ಪಕ್ಕ ನಿಲ್ಲಬೇಕಿದ್ದ ದಿನ ನಿಲ್ಲಲಿಲ್ಲ. ತಪ್ಪಾಯಿತು. ಸಾಧ್ಯವಾದರೆ ಹೊಟ್ಟೆಗೆ ಹಾಕಿಕೋ.

ಹನ್ನೊಂದು ದಿನದಿಂದ ನನ್ನ ತಲೆ ಕೊರೆಯುತ್ತಿರುವುದು ಅಪ್ಪ ಪರದೆಯೊಳಗೆ ನಿನ್ನ ಬಗ್ಗೆ ಆಡಿದ ಮಾತು. ಅದನ್ನು ನಿನಗೆ ಕೊಡಬಹುದೋ ಕೊಡಬಾರದೋ? ಆ ಔಷಧಿಯ ಹೊತ್ತಿನಲ್ಲಿ ಹಾಕಿದ ಸಹಿ ಸಲ್ಲುವುದಿಲ್ಲ ಎಂದು ನಾವೇ ಬೋರ್ಡ್ ಹಾಕಿದ್ದೇವೆ. ಹಾಗಿದ್ದ ಮೇಲೆ ಆ ಹೊತ್ತಿನ ಕ್ಷಮೆ ಸಲ್ಲುತ್ತದೆಯೇ? ಕೇಳಿದವಳು ನಾನೊಬ್ಬಳೇ. ಆಡಿದವನಿಗೆ ಆಡಿದ್ದೇ ಗೊತ್ತಿಲ್ಲ. ಮರುದಿನ ಅಪ್ಪನನ್ನು ಸ್ವಲ್ಪ ಕೆಣಕಿ ನೋಡಿದೆ. ಚಿಕ್ಕೋನ ಮಗಳಿಗೆ ಎರಡು ಹಲ್ಲು ಬಂದಿವೆಯಂತೆ, ಚಿಕ್ಕಮ್ಮ ಹೇಳಿದಳು ಎಂದೆ. ಅಪ್ಪ ಎದ್ದು ಹೋಗಿ ನಲ್ಲಿ ತಿರುಗಿಸಿದ. ಇನ್ನೂ ಹೆಚ್ಚು ಕೇಳುವ ಧೈರ್ಯ ನನಗಾಗಲಿಲ್ಲ. ಆದರೂ ನಿನಗೆ ಬರೆದೆ. ಮಂಪರಿನ ಮಾತೋ, ಮನಸ್ಸಿನ ಮಾತೋ, ಅದು ನಿನ್ನದು. ನನ್ನ ಹತ್ತಿರ ಇಟ್ಟುಕೊಳ್ಳುವ ಹಕ್ಕು ನನಗಿಲ್ಲ.

ಈಗ ನನ್ನ ಬೇಡಿಕೆ. ಬಾ. ಈ ವಾರವೇ ಬಾ. ಅಪ್ಪ ನಿನ್ನನ್ನು ನೋಡಲಿ, ನೀನು ಅಪ್ಪನನ್ನು ನೋಡು. ಅಂಗಿ ದೊಡ್ಡದಾಗಿದೆ ಅವನಿಗೆ, ಕತ್ತಿನ ಹತ್ತಿರ ನೋಡಿದರೆ ತಿಳಿಯುತ್ತದೆ, ನಿನಗೆ ಗಾಬರಿಯಾಗಬಾರದೆಂದು ಮೊದಲೇ ಹೇಳುತ್ತಿದ್ದೇನೆ. ಆದರೆ ಒಂದು ಮಾತು ಕೊಟ್ಟು ಬಾ: ನೀನು ಏನೂ ಹೇಳಬಾರದು. ಅಪ್ಪ ಕೇಳಿದರೂ, ಎದುರಿಗೆ ಕೂತು ಕೇಳಿದರೂ, ಅಕ್ಕನನ್ನು ಕೇಳು ಎನ್ನು. ಗುರುವಾರ ನನಗೆ ರಜೆ, ಅವತ್ತು ನಾನೇ ಹೇಳುತ್ತೇನೆ. ನಾನೇ ಸಮಯ ನೋಡಿ, ಹದವಾಗಿ ಹೇಳುತ್ತೇನೆ. ಇನ್ನೊಂದು ಸಲ ನೀನು ಹೇಳಿ, ಇನ್ನೊಂದು ಸಲ ಅಪ್ಪ ನಿನ್ನನ್ನು ಬೈದು ಕಳಿಸಿ, ಅದೇ ಕಡೆಯ ಭೇಟಿ ಆಗುವುದನ್ನು ನಾನು ನೋಡಲಾರೆ.

ನಿನ್ನ ಹೆಂಡತಿಯನ್ನು ನಾನು ಕೇಳಿದೆನೆಂದು ಹೇಳು. ನೋಡದವಳನ್ನು ಕೇಳುವುದು ಹೇಗೋ, ಆದರೂ ಹೇಳು. ಮಗುವಿಗೆ ಇಲ್ಲಿಂದಲೇ ಒಂದು ಮುತ್ತು. ಆ ಹೊಸ ಹಲ್ಲಿನಿಂದ ಅವಳು ನಿನ್ನ ಬೆರಳನ್ನು ಚೆನ್ನಾಗಿ ಕಚ್ಚಲಿ, ಎಲ್ಲರೂ ನೂರು ಕಾಲ ಸುಖವಾಗಿರಿ. ಅಪ್ಪ ಮಗ್ಗಲು ಬದಲಿಸಿದ ಸದ್ದಾಯಿತು. ನಿಲ್ಲಿಸುತ್ತೇನೆ.

ಇಂತು ನಿನ್ನ,
ಅಕ್ಕ

ಮತ್ತೆ: ಸೋಮವಾರ ಬೆಳಿಗ್ಗೆ. ಬಸ್ಸಿಗೆ ಹೊತ್ತಾಗಿದೆ, ಬಾಗಿಲ ಹತ್ತಿರ ನಿಂತೇ ಬರೆಯುತ್ತಿದ್ದೇನೆ, ಅಕ್ಷರ ಸಹಿಸಿಕೋ. ಲಕೋಟೆಗೆ ಅಂಟು ಹಚ್ಚುತ್ತಿದ್ದಾಗ ಅಪ್ಪ ಬಂದ. ಮುಖ ತೊಳೆದಿದ್ದ, ಹಾಲು ಕುಡಿದಿದ್ದ, ಪೂರ್ತಿ ಎಚ್ಚರದಲ್ಲಿದ್ದ. "ಚಿಕ್ಕೋನಿಗಾ?" ಎಂದ. ನಾಲ್ಕು ವರ್ಷದಲ್ಲಿ ಎಚ್ಚರದ ಬಾಯಿಂದ ನಿನ್ನ ಮಾತು ಬಂದದ್ದು ಇದೇ ಮೊದಲು. ಹ್ಞೂಂ ಎಂದೆ. ಕುರ್ಚಿ ಎಳೆದು ಕೂತ. "ಬರೋಕೆ ಹೇಳು" ಎಂದ. ಆಮೇಲೆ ನನ್ನ ಮುಖ ನೋಡದೆ, "ನೀನು ಹೇಳಲ್ಲ, ಗೊತ್ತು ನಂಗೆ. ನಿನ್ನನ್ನ ಕೇಳಿ ಯಾಕೆ ಹಿಂಸೆ ಕೊಡೋದು ಅಂತ ಸುಮ್ನಿದ್ದೀನಿ. ಅವನು ಬರಲಿ, ಅವನನ್ನ ಕೇಳ್ತೀನಿ. ಅವನಿಗೆ ಸುಳ್ಳು ಹೇಳೋಕೆ ಬರಲ್ಲ" ಎಂದ. ಆಗಲಾದರೂ ಹೇಳಬಹುದಿತ್ತು, ಬಾಯಿ ತೆರೆದೆ, ಬರಲಿಲ್ಲ ತಮ್ಮಾ. ಅವನೇ ನನ್ನ ಬೆನ್ನು ತಟ್ಟಿ, ಹೊತ್ತಾಯ್ತು ಹೋಗು ಎಂದ. ಏನೂ ಹೇಳಬಾರದೆಂದು ಮೇಲೆ ಬರೆದ ಸಾಲುಗಳನ್ನು ಲಕೋಟೆ ಬಿಚ್ಚಿ ಹೊಡೆದುಹಾಕಿದ್ದೇನೆ. ಬಾ. ಅಪ್ಪ ಕೇಳುತ್ತಾನೆ. ಅಮ್ಮನಿಗೆ ಹೇಳಿದ ಹಾಗೇ ಹೇಳು.